ದಾರಿ ಬಲ್ಲವರನ್ನು ಕೂರಿಸಿಕೊಳ್ಳಿ

ನಂದಿ ಸುತ್ತಲಿನ ಸೈಕಲ್ ದಾರಿಗಳಲ್ಲಿ ಯಾರೂ ಬಿದ್ದು ಪೆಟ್ಟು ಮಾಡಿಕೊಳ್ಳದ ಹಾಗೆ ಏನಾದರೂ ಮಾಡಬೇಕೆಂದು ಹೊರಟಿದ್ದೀರಂತೆ. ಕೇಳಿ ಮನಸ್ಸು ತುಂಬಿತು, ಮಕ್ಕಳೇ. ಹಿರಿಯನೆಂಬ ಸಲುಗೆಯಲ್ಲಿ ಒಂದು ಮಾತು ಹೇಳುತ್ತೇನೆ. ಬೋರ್ಡು ಬರೆಸುವುದಕ್ಕೆ, ನಕ್ಷೆ ಬಿಡಿಸುವುದಕ್ಕೆ ಮುಂಚೆ, ಈ ದಾರಿಗಳಲ್ಲಿ ದಿನಾ ಸೈಕಲ್ ತುಳಿಯುವವರು ಯಾರೆಂದು ನೋಡಿಕೊಳ್ಳಿ.

ಶನಿವಾರ, ಭಾನುವಾರ ನಸುಕಿನಲ್ಲೇ ಬೆಂಗಳೂರಿನಿಂದ ದೇವನಹಳ್ಳಿ ಮೇಲೆ ಬಂದು ಬೆಟ್ಟ ಹತ್ತುವವರು ಎಲ್ಲರಿಗೂ ಕಾಣುತ್ತಾರೆ. ಹೆಲ್ಮೆಟ್ಟು, ಮಿನುಗುವ ದೀಪ, ಹೊಳೆಯುವ ಅಂಗಿ. ಕಾಣದವರು ಬೇರೆ ಇದ್ದಾರೆ. ಕ್ಯಾನು ನೇತುಹಾಕಿಕೊಂಡು ಡೈರಿಗೆ ಹೋಗುವ ಯಜಮಾನರು, ಕ್ಯಾರಿಯರ್ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಹುಳುಮನೆ ಸೇರುವ ಶಿಡ್ಲಘಟ್ಟ ಕಡೆಯ ರೈತರು, ಹೈಸ್ಕೂಲಿಗೆ ಹೋಗುವ ಮಕ್ಕಳು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಸಾಲಾಗಿ ರಸ್ತೆಗೆ ಇಳಿದರು. ಅವರ ಸೈಕಲ್ಲಿಗೆ ದೀಪವೂ ಇರಲಿಲ್ಲ, ತಲೆಗೆ ಹೆಲ್ಮೆಟ್ಟೂ ಇರಲಿಲ್ಲ. ಸುರಕ್ಷತೆ ಅಂದಾಗ ಮೊದಲು ನೆನಪಾಗಬೇಕಾದವರು ಇವರೇ.

ದಯೆಯಿಂದ ಅವರನ್ನು ಸೇರಿಸಿಕೊಳ್ಳಿ ಎನ್ನುತ್ತಿಲ್ಲ. ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ. ಜಲ್ಲಿ ಟಿಪ್ಪರುಗಳು ಕ್ವಾರಿ ದಾರಿಯಿಂದ ಡಾಂಬರಿಗೆ ಹತ್ತುವ ಕಡೆ ಪುಡಿಜಲ್ಲಿ ಎಲ್ಲೆಲ್ಲಿ ಚೆಲ್ಲಿರುತ್ತದೆ, ಮಳೆ ಬಂದರೆ ಯಾವ ಮೋರಿಯ ಮೇಲೆ ಕೆಸರು ನಿಲ್ಲುತ್ತದೆ, ಯಾವ ತೋಟದವರು ಈಚೆಗೆ ಕಾಲುದಾರಿಗೆ ಅಡ್ಡ ತಂತಿ ಎಳೆದಿದ್ದಾರೆ, ಯಾವ ಊರಿನ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ಇವೆಲ್ಲ ಅವರ ಬಾಯಲ್ಲೇ ಇದೆ. ಬೆಟ್ಟದ ಬುಡದ ಮಣ್ಣುದಾರಿಗಳ ವಿಷಯಕ್ಕೆ ಬಂದರೆ ಕುರಿ ಕಾಯುವವರನ್ನು ಬಿಟ್ಟು ಬೇರೆ ಗುರುಗಳಿಲ್ಲ. 2021ರ ಆಗಸ್ಟಿನಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಕುಸಿದು ನಂದಿಯ ರಸ್ತೆಯೇ ಕಿತ್ತುಹೋಗಿ ತಿಂಗಳುಗಟ್ಟಲೆ ಮುಚ್ಚಿತ್ತು. ಮರುವರ್ಷ ಫೆಬ್ರವರಿಯಲ್ಲಿ ನಂದಿ ಪಕ್ಕದ ಬ್ರಹ್ಮಗಿರಿ ಬೆಟ್ಟದಲ್ಲಿ ಜಾರಿ ಬಂಡೆ ನಡುವೆ ಸಿಕ್ಕಿಕೊಂಡ ಹುಡುಗನನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಇಂಥ ಗುಡ್ಡದಲ್ಲಿ ಕಳೆದ ವರ್ಷದ ನಕ್ಷೆಯನ್ನು ನಂಬಿ ಸೈಕಲ್ ಇಳಿಸಬೇಡಿ. ಈ ಮಳೆಗಾಲ ಕಳೆದ ಮೇಲೆ ಆ ದಾರಿಯಲ್ಲಿ ನಡೆದವರನ್ನು ಕೇಳಿ ಇಳಿಯಿರಿ.

ಒಂದು ವಿಷಯ ಮಾತ್ರ ನಿಧಾನವಾಗಿ ಕೇಳಬೇಕು. ಸುಗ್ಗಿಯಲ್ಲಿ ನಮ್ಮ ರೈತರು ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿ ಕಾಳಿನ ಮೇಲೆ ಚಕ್ರ ಹೋದರೆ ಸೈಕಲ್ ನಿಲ್ಲುವುದಿಲ್ಲ. ಹುಲ್ಲಿನ ಸುತ್ತ ಇಟ್ಟ ಕಲ್ಲು ಕತ್ತಲಲ್ಲಿ ಹಾಗೇ ಉಳಿದರೆ ಇನ್ನೂ ಅಪಾಯ. ಇದನ್ನು ಫೋಟೊ ತೆಗೆದು ಪೊಲೀಸರಿಗೆ ಕಳಿಸುವುದು ಸುಲಭ. ಅಲ್ಲಿಗೆ ಆ ಊರಿನ ಬಾಗಿಲು ನಿಮಗೆ ಮುಚ್ಚಿತು ಅಂದುಕೊಳ್ಳಿ. ಕಣ ಇಲ್ಲದೆ, ಆಳು ಸಿಗದೆ ಅವರು ರಸ್ತೆಗೆ ಬಂದಿದ್ದಾರೆ. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ನಮ್ಮೂರಿಗೂ ಕಣ ಬೇಕು ಎಂದು ಗ್ರಾಮಸಭೆಯಲ್ಲಿ ಅವರ ಜೊತೆ ನೀವೂ ಎದ್ದು ನಿಲ್ಲಿ. ಆಗ ಸಂಜೆ ಆದ ಮೇಲೆ ಕಲ್ಲು ತೆಗೆಯಿರಿ ಎಂದರೆ ನಿಮ್ಮ ಮಾತಿಗೆ ಬೆಲೆ ಇರುತ್ತದೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ಲಿಗೆಂದೇ ಪಥ ಮಾಡಿ ಗೂಟ ನೆಟ್ಟರಲ್ಲ, ಅದರ ಗತಿ ನೋಡಿದ್ದೀರಿ. ಬೈಕುಗಳು ನುಗ್ಗಿದವು, ಗೂಟ ಮುರಿದವು. ನೆಟ್ಟದ್ದನ್ನು ನಮ್ಮದೆಂದು ಕಾಯುವ ಜನ ಅಕ್ಕಪಕ್ಕ ಇಲ್ಲದಿದ್ದರೆ ಬಣ್ಣವೂ ನಿಲ್ಲದು, ಗೂಟವೂ ನಿಲ್ಲದು. ಇಲ್ಲಿ ಕಾರಹಳ್ಳಿ ಕ್ರಾಸಿನಲ್ಲೋ ಭೋಗನಂದೀಶ್ವರನ ಗುಡಿ ಹತ್ತಿರವೋ ಬೋರ್ಡು ನೆಟ್ಟರೆ ಅದು ಬಿದ್ದ ದಿನವೇ ನಿಮಗೆ ಫೋನು ಮಾಡುವವರು ಅಲ್ಲಿನ ಪಂಕ್ಚರ್ ಅಂಗಡಿಯವರು, ಟೀ ಅಂಗಡಿಯವರು.

ಚಳಿಗಾಲದ ಮಂಜಿನ ಬಗ್ಗೆಯೂ ಹೇಳಲೇಬೇಕು. 2023ರ ಅಕ್ಟೋಬರಿನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ 44ನೇ ಹೆದ್ದಾರಿಯಲ್ಲಿ ಮಂಜು ಕವಿದ ಬೆಳಗಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೋ ಬಡಿದು ಹತ್ತಕ್ಕೂ ಹೆಚ್ಚು ಜನ ಹೋದರು. ಎದುರಿಗಿರುವ ಟ್ಯಾಂಕರೇ ಕಾಣದಿದ್ದರೆ ಹಾಲಿನ ಸೈಕಲ್ ಹೇಗೆ ಕಂಡೀತು? ನಿಮ್ಮ ಮೊದಲ ದುಡ್ಡು ಟೀ ಶರ್ಟಿಗೆ ಹೋಗುವುದು ಬೇಡ. ಪ್ರತಿ ಡೈರಿ ಮುಂದೆ ನಿಂತು ಹಾಲು ತರುವವರ ಸೈಕಲ್ ಹಿಂದಕ್ಕೆ, ಕ್ಯಾನಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಬ್ರೇಕು ಸವೆದಿದ್ದರೆ ಅಲ್ಲೇ ಬದಲಿಸಿಕೊಡಿ.

ಬಿದ್ದವರನ್ನು ಮುಟ್ಟಿದರೆ ಕೋರ್ಟು, ಸ್ಟೇಷನ್ ಅಲೆಯಬೇಕೆಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ನೆರವಾದವರನ್ನು ಕಾಪಾಡುತ್ತದೆ, ಹೆಸರು ಹೇಳೆಂದು ಅವರನ್ನು ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಿನಿಂದ ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಬಂದಿದೆ. ಇದನ್ನು ಟೀ ಅಂಗಡಿಗಳಲ್ಲಿ ಕೂತು ಹೇಳಿ. ನಿಮ್ಮ ಗುಂಪಿನಲ್ಲಿ ಡಾಕ್ಟರುಗಳಿದ್ದರೆ, 108 ಬರುವ ತನಕ ರಕ್ತ ನಿಲ್ಲಿಸುವುದು ಹೇಗೆ, ಕತ್ತು ಅಲುಗದಂತೆ ಹಿಡಿಯುವುದು ಹೇಗೆಂದು ಊರಿಗೆ ಇಬ್ಬರಿಗಾದರೂ ಕಲಿಸಲಿ.

ಇಷ್ಟಾದ ಮೇಲೆ ಅಪಾಯದ ಜಾಗಗಳ ಪಟ್ಟಿ ಹಿಡಿದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಹೋಗಿ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅರ್ಜಿಯಲ್ಲಿ ಹಾಲಿನವರ, ಸೊಪ್ಪಿನವರ, ಶಾಲೆ ಮಕ್ಕಳ ಅಪ್ಪಂದಿರ ಸಹಿ ಮೇಲಿರಲಿ, ನಿಮ್ಮದು ಕೆಳಗೆ.

ಮೊದಲ ಸಭೆಯನ್ನು ಭಾನುವಾರ ಬೆಳಿಗ್ಗೆ ಇಡಬೇಡಿ. ಆ ಹೊತ್ತು ನಿಮಗೆ ರಜೆ, ಅವರಿಗೆ ಕರೆಯುವ ಹಸು, ಕೊಯ್ಯುವ ಹೂವು. ಸಂಜೆ ಡೈರಿಯಲ್ಲಿ ಹಾಲು ಹಾಕಿ ಮುಗಿಸಿದ ಮೇಲೆ ಅಲ್ಲಿನ ಜಗಲಿಯಲ್ಲೇ ಕೂರಿ, ಹೈಸ್ಕೂಲು ಹೆಣ್ಣುಮಕ್ಕಳು ಬರುವಂತೆ ಅವರ ಮೇಡಂಗೂ ಹೇಳಿಕಳಿಸಿ. ಮೊದಲು ಅವರು ಮಾತಾಡಲಿ, ನೀವು ಬರೆದುಕೊಳ್ಳಿ.