ಕತ್ತಿನ ಕಪ್ಪು ಕೊಳೆಯಲ್ಲ

ಮಗಳ ಕತ್ತಿನ ಹಿಂಭಾಗ ಕಪ್ಪಾಗಿದೆ. ನಾವು ಏನು ಹೇಳ್ತೀವಿ? "ಸರಿಯಾಗಿ ಉಜ್ಜಿ ಸ್ನಾನ ಮಾಡೇ!" ಅಂತೀವಿ. ಅವಳು ಕಡಲೆಹಿಟ್ಟು ಹಚ್ಚುತ್ತಾಳೆ. ನಾರು ಹಾಕಿ ತಿಕ್ಕುತ್ತಾಳೆ. ಚರ್ಮ ಉರಿಯುತ್ತದೆ. ಕಪ್ಪು ಮಾತ್ರ ಹೋಗುವುದಿಲ್ಲ.

ಕೊಳೆ ಆಗಿದ್ದರೆ ತಾನೇ ಹೋಗುವುದು! ಮುಟ್ಟಿ ನೋಡಿ. ಅಲ್ಲಿ ಚರ್ಮ ದಪ್ಪಗಿರುತ್ತದೆ. ಮಕಮಲ್ಲಿನ ಹಾಗೆ ಮೆತ್ತಗಿರುತ್ತದೆ. ಕಂಕುಳಲ್ಲೂ ಹೀಗೇ ಇರಬಹುದು. ಮೈಯಲ್ಲಿ ಇನ್ಸುಲಿನ್ ಹೆಚ್ಚಾದರೆ ಸಾಮಾನ್ಯವಾಗಿ ಈ ಗುರುತು ಕಾಣುತ್ತದೆ.

ಇನ್ಸುಲಿನ್ ಅಂದರೆ ಏನು? ನಮ್ಮ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದು ಮಾಡುವ ರಸವೇ ಇನ್ಸುಲಿನ್. ಇಂಥ ರಸಗಳಿಗೆ ಹಾರ್ಮೋನು ಎನ್ನುತ್ತಾರೆ. ನಾವು ಉಂಡ ಅನ್ನ, ಮುದ್ದೆ, ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಮಾಂಸಖಂಡದ ಒಳಗೆ ಕಳಿಸುವುದು ಇನ್ಸುಲಿನ್ ಕೆಲಸ. ಕೆಲವರ ಮೈ ಇನ್ಸುಲಿನ್ ಮಾತು ಕೇಳುವುದಿಲ್ಲ. ಒಂದು ಸಲ ಕೂಗಿದರೆ ಓಗೊಡದವರನ್ನು ನಾವು ನಾಲ್ಕು ಸಲ ಕೂಗುತ್ತೇವಲ್ಲ, ಹಾಗೆ ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಇದಕ್ಕೆ ಇನ್ಸುಲಿನ್ ಪ್ರತಿರೋಧ ಎಂದು ಹೆಸರು. ಕೂಗಿ ಕೂಗಿ ಗ್ರಂಥಿ ಸೋತಾಗ ಸಕ್ಕರೆ ಕಾಯಿಲೆ ಬರುತ್ತದೆ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಕತ್ತಿನ ಕಪ್ಪು ಅದಕ್ಕೂ ಮೊದಲೇ ಕಾಣಬಹುದು.

ಹೆಂಗಸರಿಗೆ ಇನ್ನೂ ಒಂದು ತೊಂದರೆ ಉಂಟು. ಗಂಡಸರ ಹಾರ್ಮೋನು ಎಲ್ಲ ಹೆಂಗಸರಲ್ಲೂ ಚೂರು ಇರುತ್ತದೆ. ಇನ್ಸುಲಿನ್ ಹೆಚ್ಚಾದರೆ ಅಂಡಾಶಯ ಅದನ್ನು ಜಾಸ್ತಿ ಮಾಡುತ್ತದೆ. ಆಗ ಗದ್ದದ ಮೇಲೆ ಒರಟು ಕೂದಲು ಬರುತ್ತದೆ. ಮೊಡವೆ ಏಳುತ್ತದೆ. ನೆತ್ತಿಯ ಕೂದಲು ತೆಳುವಾಗುತ್ತದೆ. ಅಂಡ ಸರಿಯಾಗಿ ಬಲಿತು ಹೊರಗೆ ಬರುವುದಿಲ್ಲ. ಮುಟ್ಟು ತಪ್ಪುತ್ತದೆ. ವೈದ್ಯರು ಇದನ್ನು ಪಿ.ಸಿ.ಓ.ಎಸ್. ಎಂದು ಕರೆಯುತ್ತ ಬಂದಿದ್ದಾರೆ. ಹೆರುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತೆಳ್ಳಗೆ ಇರುವವರಿಗೂ ಬರುತ್ತದೆ.

ಊರಲ್ಲಿ ಏನಂತಾರೆ? ಮುಖದ ಕೂದಲು ನೋಡಿ "ಗಂಡುಬೀರಿ" ಅಂತಾರೆ. ಮುಟ್ಟು ನಿಂತರೆ "ಉಷ್ಣ, ಮದುವೆ ಆದ್ರೆ ಸರಿಹೋಗುತ್ತೆ" ಅಂತಾರೆ. ಮದುವೆಯಾಗಿ ಮಕ್ಕಳಾಗದಿದ್ದರೆ ಬಂಜೆ ಅಂತಾರೆ. ಒಂದೇ ತೊಂದರೆಗೆ ಎಷ್ಟೊಂದು ಬೈಗುಳ! ಮದುವೆ ಇದಕ್ಕೆ ಔಷಧಿ ಅಲ್ಲ. ಚಿಕಿತ್ಸೆ ಪಡೆದು ತಾಯಂದಿರಾದವರು ಬಹಳ ಮಂದಿ ಇದ್ದಾರೆ.

ಮುಟ್ಟು ತಪ್ಪಿದ್ದಕ್ಕೆಲ್ಲ ಇದೇ ಕಾರಣ ಅಲ್ಲ. ಬಸಿರು ಇರಬಹುದು. ಥೈರಾಯಿಡ್ ತೊಂದರೆ ಇರಬಹುದು. ಹುಡುಗಿ ದೊಡ್ಡವಳಾದ ಮೊದಲ ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ. ಆದ್ದರಿಂದ ಪರೀಕ್ಷೆ ಬೇಕು. ಮೂರು ತಿಂಗಳು ಮುಟ್ಟು ಬಾರದಿದ್ದರೆ, ಇಲ್ಲವೆ ವರ್ಷಕ್ಕೆ 8 ಸಲಕ್ಕಿಂತ ಕಡಿಮೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೆಲವೇ ತಿಂಗಳಲ್ಲಿ ದನಿ ಗಡಸಾಗಿ ಮೈಯೆಲ್ಲ ಕೂದಲು ಬೆಳೆದರೆ ಒಂದು ದಿನವೂ ತಡ ಬೇಡ. ಅದು ಬೇರೆ ಕಾಯಿಲೆ ಇರಬಹುದು.

30 ವರ್ಷ ದಾಟಿದವರಿಗೆ ಸಕ್ಕರೆ ಪರೀಕ್ಷೆ ಮಾಡುವ ಸರ್ಕಾರದ ಕಾರ್ಯಕ್ರಮ ಇದೆ. ಆದರೆ ಈ ತೊಂದರೆ 18-20ಕ್ಕೇ ಕಾಣಬಹುದು. ಅದಕ್ಕೆ ಬಾಯಿಬಿಟ್ಟು ಕೇಳಬೇಕು. ನಾಚಿಕೆ ಆದರೆ ಆಶಾ ಅಕ್ಕನನ್ನು ಜೊತೆಗೆ ಕರೆದುಕೊಳ್ಳಿ. ಚೀಟಿ ಕೊಟ್ಟಾಗ ನೀವೇ ಓದಿ. ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಇರಬೇಕು. 100ರಿಂದ 125 ಇದ್ದರೆ ಎಚ್ಚರ. 126 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಇರಬಹುದು, ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ಕೆಲವರಿಗೆ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ನೋಡುತ್ತಾರೆ. ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳಲಿ. ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ.

ಮನೆಯಲ್ಲಿ ನಾವು ಮಾಡುವ ಕೆಲಸವೂ ಇದೆ. ತೂಕ ಹೆಚ್ಚಿದ್ದವರು ಸ್ವಲ್ಪ ಇಳಿಸಿದರೂ ಅನೇಕರಿಗೆ ಮುಟ್ಟು ಸರಿದಾರಿಗೆ ಬರುತ್ತದೆ. 60 ಕಿಲೋ ಇದ್ದವರಿಗೆ 3 ಕಿಲೋ ಇಳಿದರೂ ಲಾಭವೇ. ಉಪವಾಸ ಬೇಡ. ಅನ್ನ ಕಡಿಮೆ ಮಾಡಿ, ಸೊಪ್ಪು, ಮೊಳಕೆ ಹುರುಳಿ, ಬೇಳೆ ಹೆಚ್ಚು ಮಾಡಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಚಹಾ ಲೆಕ್ಕ ನೋಡಿ. ದಿನಕ್ಕೆ 5 ಲೋಟ, ಲೋಟಕ್ಕೆ 2 ಚಮಚ ಸಕ್ಕರೆ. ಒಂದು ಚಮಚಕ್ಕೆ ಸುಮಾರು 5 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆ ಒಬ್ಬರ ಹೊಟ್ಟೆಗೇ ಹೋಯಿತು!

ಅಭ್ಯಾಸ
ಗೋಡೆಯ ಕ್ಯಾಲೆಂಡರ್ ತನ್ನಿ. ನಿಮ್ಮ ಕಳೆದ ಮುಟ್ಟು ಶುರುವಾದ ತಾರೀಕಿಗೆ ಸುತ್ತು ಹಾಕಿ. ಅಲ್ಲಿಂದ ಇವತ್ತಿಗೆ ಎಷ್ಟು ದಿನ? ಎಣಿಸಿ ಬರೆಯಿರಿ. ಮನೆಯಲ್ಲಿ ಮಗಳಿದ್ದರೆ ಅವಳ ಕೈಯಲ್ಲೂ ಬರೆಸಿ.