ಕನಕಾಂಬರ

ಹೂವೆಂದೊಡನೆ ಕಂಪನ್ನು ನೆನೆಯುವುದು ಮನುಷ್ಯಸ್ವಭಾವ. ಮಲ್ಲಿಗೆ, ಸಂಪಿಗೆ, ಸುರಗಿಗಳು ಕಣ್ಣಿಗೆ ಬೀಳುವ ಮೊದಲೇ ತಮ್ಮ ಇರವನ್ನು ಸಾರುತ್ತವೆ. ಕನಕಾಂಬರಕ್ಕೆ ಆ ಭಾಗ್ಯವಿಲ್ಲ. ಅದು ಗಂಧವಿಲ್ಲದ ಹೂವು. ಆದರೂ ಹೆಂಗಳೆಯರ ಮುಡಿಯಲ್ಲಿ, ದೇವರ ಪೀಠದಲ್ಲಿ, ಮದುವೆಯ ಮಾಲೆಯಲ್ಲಿ ಅದಕ್ಕೆ ಮಲ್ಲಿಗೆಯ ಪಕ್ಕದಲ್ಲಿಯೇ ಸ್ಥಾನ ದೊರೆತಿದೆ. ಕಣ್ತುಂಬುವ ಬಣ್ಣ, ಹಗುರವಾದ ಮೈ, ಬೇಗನೆ ಬಾಡದ ಗುಣ ಇವು ಮೂರೇ ಅದರ ಸಂಪತ್ತು.

‘ಕನಕ’ ಎಂದರೆ ಚಿನ್ನ; ‘ಅಂಬರ’ ಎಂದರೆ ವಸ್ತ್ರ. ಹೊನ್ನಿನ ವಸ್ತ್ರವನ್ನು ಉಟ್ಟಂತೆ ತೋರುವ ಗಿಡಕ್ಕೆ ಈ ಹೆಸರು ಒಪ್ಪುತ್ತದೆ. ಕರಾವಳಿಯ ಜನ ಇದನ್ನು ಅಬ್ಬಲಿಗೆ ಎನ್ನುತ್ತಾರೆ. ಆಡುಸೋಗೆಯ ಕುಟುಂಬಕ್ಕೆ ಸೇರಿದ ಈ ಗಿಡದ ತವರು ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಇದು ಸಾಮಾನ್ಯವಾಗಿ ಎರಡು ಮೂರು ಅಡಿ ಎತ್ತರ ಬೆಳೆಯುತ್ತದೆ. ಹೊಳೆಯುವ ಕಡುಹಸುರು ಎಲೆಗಳು ವರ್ಷವಿಡೀ ಗಿಡವನ್ನು ಬಿಟ್ಟುಹೋಗುವುದಿಲ್ಲ. ಎಲೆಗಳ ನಡುವಿನಿಂದ ಮೇಲೇಳುವ ಹಸುರು ತೆನೆಗಳಲ್ಲಿ ಹೂಗಳು ಬುಡದಿಂದ ತುದಿಯ ಕಡೆಗೆ, ದಿನಕ್ಕೆ ಕೆಲವೇ ಕೆಲವಾಗಿ ಅರಳುತ್ತವೆ. ಒಂದು ತೆನೆ ಮುಗಿಯಲು ಎರಡು ಮೂರು ವಾರಗಳೇ ಬೇಕು.

ಹೂ ಕೀಳದೆ ಬಿಟ್ಟ ತೆನೆಯಲ್ಲಿ ಕಾಯಿ ಕಟ್ಟುತ್ತದೆ. ಒಣಗಿದ ಕಾಯಿಗೆ ಮಳೆಹನಿ ತಾಗಿದರೆ ಸಾಕು, ಅದು ಪಟ್ಟನೆ ಸಿಡಿದು ಬೀಜಗಳನ್ನು ದೂರಕ್ಕೆ ಎರಚುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಪಟಾಕಿ ಹೂ’ ಎಂಬರ್ಥದ ಹೆಸರು ಬಂದಿರುವುದು ಇದರಿಂದಲೇ. ಬೀಜ ಬೇಕಾದವರು ಮಳೆಗೆ ಮುನ್ನವೇ ತೆನೆಗಳನ್ನು ಕತ್ತರಿಸಿ ತೆಗೆದಿಡಬೇಕು. ‘ದೆಹಲಿ ಕನಕಾಂಬರ’ವೆಂಬ ಕಡುಕಿತ್ತಳೆ ಬಣ್ಣದ ತಳಿಯ ಕಥೆಯೇ ಬೇರೆ. ಅದರ ಜೀವಕೋಶಗಳಲ್ಲಿ ವರ್ಣತಂತುಗಳ ಗುಂಪು ಎರಡರ ಬದಲು ಮೂರಿರುವುದರಿಂದ ಅದು ಬೀಜ ಕಟ್ಟುವುದಿಲ್ಲ. ಕೊಂಬೆಯ ತುಂಡನ್ನು ನೆಟ್ಟು ಬೇರು ಬರಿಸಿದರೆ ಮಾತ್ರ ಅದರ ಸಂತತಿ ಮುಂದುವರಿಯುತ್ತದೆ. ಮಳೆಹನಿಯನ್ನು ನೆಚ್ಚಿದ ಗಿಡ ಒಂದು. ಮನುಷ್ಯನ ಕೈಯನ್ನೇ ನೆಚ್ಚಿದ ಗಿಡ ಮತ್ತೊಂದು.

ಕನಕಾಂಬರದ ಬೇಡಿಕೆಗಳು ಕೆಲವೇ. ಆದರೆ ಅವು ಹೊತ್ತುಹೊತ್ತಿಗೆ ಸಲ್ಲಬೇಕು. ನೀರು ಬಸಿದುಹೋಗುವ ಮಣ್ಣು, ಕೊಳೆತ ಗೊಬ್ಬರ, ಬೆಳಗಿನ ಬಿಸಿಲು, ನಡುಹಗಲಿನಲ್ಲಿ ಒಂದಿಷ್ಟು ನೆರಳು ಇವಿಷ್ಟು ಅದಕ್ಕೆ ಸಾಕು. ಮನೆಯಂಗಳದ ಕುಂಡದಲ್ಲಿಯೂ ಅದು ಸುಖವಾಗಿ ಬಾಳುತ್ತದೆ. ಬೀಜದಿಂದ ಎದ್ದ ಸಸಿಗಳನ್ನು ನಾಲ್ಕೈದು ಜೊತೆ ಎಲೆಗಳು ಮೂಡಿದ ಮೇಲೆ ಅಡಿಯಷ್ಟು ಅಂತರದಲ್ಲಿ ನೆಡಬೇಕು. ಎರಡು ಮೂರು ತಿಂಗಳುಗಳಲ್ಲಿ ಹೂ ಕಾಣಿಸಿಕೊಳ್ಳುತ್ತದೆ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರೆರೆಯಬೇಕು. ಪ್ರೀತಿಯ ಭರದಲ್ಲಿ ದಿನಕ್ಕೆರಡು ಸಲ ಕೊಡಗಟ್ಟಲೆ ಸುರಿದರೆ ಬೇರು ಕೊಳೆತು ಗಿಡ ಸೊರಗುತ್ತದೆ. ಬಾಯಾರಿದ ಗಿಡ ನೀರು ಕಂಡರೆ ಚೇತರಿಸಿಕೊಳ್ಳಬಹುದು. ಬೇರು ಕೊಳೆತ ಗಿಡವನ್ನು ಉಳಿಸುವುದು ಕಷ್ಟ. ಅತಿಯಾದ ಉಪಚಾರವೂ ಅಪಚಾರವೇ.

ಮಣ್ಣಿನೊಳಗೆ ಇದಕ್ಕೆ ಇನ್ನೊಬ್ಬ ವೈರಿಯಿದ್ದಾನೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುಗಳು ಬೇರನ್ನು ಹೊಕ್ಕು ಗಂಟುಗಳನ್ನು ಎಬ್ಬಿಸುತ್ತವೆ. ಗಿಡ ಹಳದಿಯಾಗಿ ಕುಗ್ಗುತ್ತದೆ. ಮಣ್ಣಿಗೆ ಬೇವಿನ ಹಿಂಡಿಯನ್ನು ಸೇರಿಸುವುದೂ ಅದೇ ನೆಲದಲ್ಲಿ ಸರದಿಯಂತೆ ಚೆಂಡುಹೂವನ್ನು ಬೆಳೆಯುವುದೂ ಇದಕ್ಕೆ ತಕ್ಕ ತಡೆ. ಚೆಂಡುಹೂವಿನ ಬೇರಿನಲ್ಲಿರುವ ರಾಸಾಯನಿಕಗಳು ಈ ಹುಳುಗಳನ್ನು ಅಡಗಿಸುತ್ತವೆ.

ಹೂ ಮುಗಿದ ತೆನೆಗಳನ್ನು ಚಿವುಟಿದಷ್ಟೂ ಹೊಸ ತೆನೆಗಳು ಒಡೆಯುತ್ತವೆ. ಅರಳಿದ ಹೂಗಳನ್ನು ದಿನ ಬಿಟ್ಟು ದಿನ, ಬಿಸಿಲೇರುವ ಮುನ್ನ ಬಿಡಿಸಬೇಕು. ಈ ಕೆಲಸದ ಸೂಕ್ಷ್ಮತೆ ತಕ್ಕಡಿಯ ಮುಂದೆ ತಿಳಿಯುತ್ತದೆ: ಒಂದು ಕಿಲೋಗ್ರಾಂ ತೂಗಲು ಸುಮಾರು 15,000 ಹೂಗಳು ಬೇಕು. ಅಷ್ಟನ್ನೂ ಬೆರಳುಗಳೇ ಒಂದೊಂದಾಗಿ ಬಿಡಿಸಬೇಕು. ಸಂತೆಯಲ್ಲಿ ಮೊಳಕ್ಕಿಷ್ಟೆಂದು ಚೌಕಾಸಿ ಮಾಡುವವರಿಗೆ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಅರ್ಕಾ ಅಂಬರ’, ‘ಅರ್ಕಾ ಕನಕ’ ಮೊದಲಾದ ತಳಿಗಳನ್ನು ರೂಪಿಸಿ ಬೆಳೆಗಾರರಿಗೆ ನೆರವಾಗಿದೆ. ಆದರೂ ಹೂವನ್ನು ಬಿಡಿಸುವ ಕೈಯ ತಾಳ್ಮೆಗೆ ಬದಲಿ ದೊರೆತಿಲ್ಲ.

ಸರಿಯಾಗಿ ನೋಡಿಕೊಂಡ ಗಿಡ ಎರಡು ಮೂರು ವರ್ಷಗಳವರೆಗೆ ಹೂ ಕೊಡುತ್ತದೆ. ಅದು ಬೇಡುವುದು ಹೆಚ್ಚಿನದನ್ನಲ್ಲ; ಪ್ರತಿದಿನ ಒಮ್ಮೆ ಹತ್ತಿರ ಬಂದು ನೋಡುವ ಕಣ್ಣನ್ನು, ಬೇಕಾದಷ್ಟನ್ನೇ ಕೊಟ್ಟು ನಿಲ್ಲುವ ಕೈಯನ್ನು. ಕಂಪಿಲ್ಲದ ಹೂವು ತನ್ನನ್ನು ಸಾಕಿದವರಿಗೆ ಕಲಿಸುವ ಪಾಠ ಇದು.