ತೃಣಧಾನ್ಯ: ಹೊಟ್ಟೆಗೂ ಹಿತ, ಹೊಲಕ್ಕೂ ಹಿತ



ನಮ್ಮ ಹಿರಿಯರ ಕಾಲದಲ್ಲಿ ನವಣೆ, ಸಾಮೆ, ಹಾರಕ, ಬರಗು, ಊದಲುಗಳು ಹೊಲದಲ್ಲಿ ಬೆಳೆದು ನೇರವಾಗಿ ಮನೆಯ ಕಣಜ ಸೇರುತ್ತಿದ್ದವು. ಇಂದು ಅವೇ ಧಾನ್ಯಗಳು ಪೇಟೆಯ ಅಂಗಡಿಗಳಲ್ಲಿ ಚಿಕ್ಕ ಪೊಟ್ಟಣಗಳಾಗಿ, ಔಷಧಿಯಂತೆ ಮಾರಾಟವಾಗುತ್ತಿವೆ. ಭಾರತ ಸರ್ಕಾರವು 2018ರಲ್ಲಿ ಇವುಗಳನ್ನು ಪೌಷ್ಟಿಕ ಧಾನ್ಯಗಳೆಂದು ಘೋಷಿಸಿತು. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಆದರೂ ಇವುಗಳನ್ನು ಏಕೆ ಉಣ್ಣಬೇಕು, ಹೇಗೆ ಉಣ್ಣಬೇಕು ಎಂಬ ತಿಳಿವು ಇನ್ನೂ ಎಲ್ಲರಲ್ಲಿ ಮೂಡಿಲ್ಲ.

ಮೊದಲು ಹೊಲದ ವಿಚಾರ. ನವಣೆ, ಸಾಮೆಗಳು ಸುಮಾರು ಮೂರು ತಿಂಗಳಲ್ಲಿ ಮಳೆಯಾಶ್ರಯದಲ್ಲಿಯೇ ಕೈಗೆ ಬರುತ್ತವೆ. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸಬೇಕು. ಇವುಗಳಿಗೆ ಆ ಅಗತ್ಯವಿಲ್ಲ. ರಾಗಿಯೊಡನೆ ಅವರೆ, ಜೋಳದೊಡನೆ ತೊಗರಿ ಬೆಳೆಯುವ ಅಕ್ಕಡಿ ಪದ್ಧತಿಯಲ್ಲಿ ದ್ವಿದಳ ಬೆಳೆಯು ಮಣ್ಣಿಗೆ ಸಾರಜನಕವನ್ನು ನೀಡುತ್ತದೆ, ಹುಲ್ಲು ದನಗಳಿಗೆ ಮೇವಾಗುತ್ತದೆ. ಮಳೆ ಕೈಕೊಟ್ಟ ವರ್ಷವೂ ರೈತನಿಗೆ ಒಂದಿಷ್ಟಾದರೂ ಉಳಿಯುತ್ತದೆ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ ರಾಗಿಯನ್ನು ಗೆಲ್ಲಿಸಿದ್ದು ನಮ್ಮ ನಾಡಿನ ಈ ಅನುಭವವನ್ನು ಬಲ್ಲವರಿಗೆ ಅಚ್ಚರಿಯಲ್ಲ. ಹಾಗಿದ್ದರೂ ಈ ಬೆಳೆಗಳು ಹಿಂದೆ ಸರಿದುದೇಕೆ? ಹೊಟ್ಟು ತೆಗೆಯುವ ಶ್ರಮ ತಾಯಂದಿರ ಒನಕೆಯ ಮೇಲೆ ಬಿದ್ದಿತ್ತು. ಅಕ್ಕಿ ಗಿರಣಿಯಿಂದ ಸಿದ್ಧವಾಗಿ, ಅಗ್ಗವಾಗಿ ಬಂದಾಗ ಒನಕೆ ಮೂಲೆ ಸೇರಿತು. ಉಣ್ಣುವವರಿಲ್ಲದೆ ಬಿತ್ತುವವರೂ ಕಡಿಮೆಯಾದರು.

ಆಯುರ್ವೇದವು ಇವುಗಳನ್ನು ತೃಣಧಾನ್ಯ, ಕ್ಷುದ್ರಧಾನ್ಯ ಎಂದು ಕರೆದಿದೆ. ಇಲ್ಲಿ 'ಕ್ಷುದ್ರ' ಎಂದರೆ ಚಿಕ್ಕದು, ಕೀಳೆಂದು ಭಾವಿಸಬಾರದು. ಚರಕಾಚಾರ್ಯರ ಮತದಲ್ಲಿ ಊದಲು (ಶ್ಯಾಮಾಕ), ಹಾರಕ (ಕೋದ್ರವ)ಗಳು ಲಘು, ಕಫಪಿತ್ತಹರ, ಆದರೆ ವಾತವನ್ನು ಹೆಚ್ಚಿಸುವಂಥವು. ನವಣೆ (ಕಂಗು) ಗುರುವಾದುದು, ಬೃಂಹಣ, ಮುರಿದ ಮೂಳೆ ಕೂಡಲು ಸಹಾಯಕ ಎಂದು ಭಾವಪ್ರಕಾಶ ಹೇಳುತ್ತದೆ. ಆಧುನಿಕ ವಿಶ್ಲೇಷಣೆಯಂತೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ ಮಾತ್ರ.

ಗುಣವನ್ನು ತಿಳಿದು ಉಂಡರೆ ಮಾತ್ರ ಹಿತ. ಒಮ್ಮೆಲೇ ಅನ್ನ ಬಿಟ್ಟು ಮೂರು ಹೊತ್ತೂ ಸಿರಿಧಾನ್ಯ ತಿಂದು, ಹೊಟ್ಟೆ ಉಬ್ಬರ, ಮಲಬದ್ಧತೆಯೊಡನೆ ನಮ್ಮ ಬಳಿಗೆ ಬರುವವರು ಹಲವರು. ಅದು ಧಾನ್ಯದ ದೋಷವಲ್ಲ, ಉಂಡ ರೀತಿಯ ದೋಷ. ಆದ್ದರಿಂದ ಈ ಕ್ರಮವನ್ನು ಪಾಲಿಸಿರಿ:

1. ದಿನಕ್ಕೆ ಒಂದು ಹೊತ್ತಿನಿಂದ ಆರಂಭಿಸಿರಿ.
2. ಆರೇಳು ಗಂಟೆ ನೆನೆಸಿ, ಹೆಚ್ಚು ನೀರಿನಲ್ಲಿ ಮೆತ್ತಗೆ ಬೇಯಿಸಿರಿ.
3. ರೂಕ್ಷತೆ ತಗ್ಗಲು ತುಪ್ಪ, ಮಜ್ಜಿಗೆ, ಸೊಪ್ಪಿನ ಸಾರು ಜೊತೆಗಿರಲಿ.
4. ಅತಿಯಾಗಿ ಪಾಲಿಷ್ ಮಾಡಿದುದನ್ನು ಕೊಳ್ಳದಿರಿ. ನಾರಿನಂಶ ತೌಡಿನೊಡನೆ ಹೊರಟುಹೋಗುತ್ತದೆ.
5. ಥೈರಾಯ್ಡ್ ತೊಂದರೆಯುಳ್ಳವರು ನಿತ್ಯವೂ ಸಜ್ಜೆಯನ್ನೇ ಉಣ್ಣಬಾರದು.

ಮಧುಮೇಹಿಗಳಿಗೆ ಒಂದು ವಿಶೇಷ ಮಾತು. ಸಿರಿಧಾನ್ಯದಲ್ಲಿಯೂ ಪಿಷ್ಟವೇ ಹೆಚ್ಚು. ನಾರಿನ ಕಾರಣದಿಂದ ಅದು ನಿಧಾನವಾಗಿ ಜೀರ್ಣವಾಗಬಹುದು, ಅಷ್ಟೆ. ಗಂಜಿ ಮಾಡಿ ಬಟ್ಟಲುಗಟ್ಟಲೆ ಕುಡಿದರೆ ಸಕ್ಕರೆ ಏರಿಯೇ ಏರುತ್ತದೆ. ಧಾನ್ಯವನ್ನು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿರಿ.

ಕೊನೆಯದಾಗಿ ಒಂದು ಅರಿಕೆ. ನಮ್ಮ ತಟ್ಟೆಯಲ್ಲಿ ನವಣೆಗೆ ಸ್ಥಳವಿದ್ದರೆ ಮಾತ್ರ ನೆರೆಯ ರೈತನ ಹೊಲದಲ್ಲಿ ಅದಕ್ಕೆ ಸ್ಥಳವಿರುತ್ತದೆ. ಬಿತ್ತುವುದು ನಿಂತ ಬೀಜ ಕೆಲವೇ ವರ್ಷಗಳಲ್ಲಿ ಊರಿನಿಂದ ಮರೆಯಾಗುತ್ತದೆ. ಪ್ರತಿ ಮನೆಯೂ ವಾರಕ್ಕೆ ಎರಡು ಹೊತ್ತಾದರೂ ಇವುಗಳನ್ನು ಅಡಿಗೆ ಮಾಡಲಿ. ದಾಸೋಹಕ್ಕೆ ಧಾನ್ಯ ಅರ್ಪಿಸುವ ಭಕ್ತರು ಒಂದು ಸೇರು ನವಣೆಯನ್ನೂ ಜೊತೆಗಿಡಲಿ. ರೈತನ ಕಾಯಕಕ್ಕೆ ಬೆಲೆ ಬಂದರೆ ಪ್ರಸಾದಕ್ಕೂ ಪೂರ್ಣತೆ ಬರುತ್ತದೆ.